ರಾಚಯ್ಯನವರ ಮೂವತ್ತೊಂದು ಕಟ್ಟುಗಳು

ಗೋಕಾಕ
೧೨ ಮಾರ್ಚ್ ೧೯೩೯

ತಂಗಿ ಚನ್ನವ್ವನಿಗೆ ಗುರುಲಿಂಗಪ್ಪ ಮಾಡುವ ಶರಣು.

ಕೈಯಲ್ಲಿಯ ಕೆಲಸ ಬದಿಗಿಟ್ಟು, ಕುಳಿತು ಈ ಪತ್ರ ಓದು. ನಿನ್ನ ತಂದೆ ರಾಚಯ್ಯನವರು ಇದ್ದಿದ್ದರೆ ಇದನ್ನು ಅವರಿಗೇ ಬರೆಯುತ್ತಿದ್ದೆ. ಹನ್ನೆರಡರ ವಯಸ್ಸಿನಲ್ಲಿ ನಿಮ್ಮ ಹುಕ್ಕೇರಿಯ ಮನೆಯ ಪಡಸಾಲೆಯಲ್ಲಿ ಕುಳಿತು ಓಲೆಗರಿ ಓದಲು ಕಲಿತವನು ನಾನು. ಈಗ ಇಲ್ಲಿಯ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಮಾಸ್ತರಿಕೆ ಮಾಡಿ, ವಾಚನಾಲಯದ ಕೀಲಿಕೈಯೂ ನನ್ನ ಹತ್ತಿರವೇ ಇದ್ದರೂ, ಅಕ್ಷರ ಎಂದರೆ ಇಂದಿಗೂ ಕಣ್ಣ ಮುಂದೆ ಬರುವುದು ಅವರ ತೊಡೆಯ ಮೇಲಿನ ಆ ಗರಿಗಳೇ.

ಅವರು ಬಿಟ್ಟುಹೋದ ಮೂವತ್ತೊಂದು ಕಟ್ಟುಗಳ ಚಿಂತೆ ನಿನಗಿಂತ ನನಗೆ ಕಡಿಮೆ ಇಲ್ಲ. ಹುಳ ತಿನ್ನುತ್ತದೆ, ಬೇಸಿಗೆಗೆ ಅಂಚು ಮುರಿಯುತ್ತದೆ, ನೀನು ವರುಷ ವರುಷ ಎಣ್ಣೆ ಸವರಿದರೂ ಗರಿ ಕಪ್ಪಾಗುತ್ತ ನಡೆದಿದೆ. ಸಂಕ್ರಾಂತಿಗೆ ಪ್ರಯೋಗಕ್ಕೆಂದು ನಾಲ್ಕು ಕಟ್ಟು ಕೊಟ್ಟು ಕಳಿಸಿದ್ದೆಯಲ್ಲ, ಆ ಪ್ರಯೋಗ ಫಲಿಸಿತು.

ಇಲ್ಲಿ ಚಿತ್ರಗಾರ ಶಿದ್ರಾಮ ಎಂಬವನಿದ್ದಾನೆ. ಕಟ್ಟಿಗೆಯ ಹಣ್ಣು, ಗೊಂಬೆ ಮಾಡಿ ಬಣ್ಣ ಕೊಡುವವನು. ಅವನ ಅಜ್ಜ ಮಾಡಿದ ಕಟ್ಟಿಗೆಯ ಸೀತಾಫಲವೊಂದು ಅವನ ಗೋಡೆಯ ಮಾಡದಲ್ಲಿದೆ. ಅರವತ್ತು ವರ್ಷವಾದರೂ ಹುಳ ಮುಟ್ಟಿಲ್ಲ, ಬಣ್ಣ ಮಾಸಿಲ್ಲ. ಮೇಲೆ ಬಳಿದದ್ದು ಚಂದ್ರಸ ಎಂಬ ಮರದ ಅಂಟನ್ನು ಅಗಸಿ ಎಣ್ಣೆಯಲ್ಲಿ ಕರಗಿಸಿ ಮಾಡಿದ ವಾರ್ನಿಶು. ಅದನ್ನೇ ಟರ್ಪೆಂಟೈನ್ ಹಾಕಿ ತೆಳುವಾಗಿಸಿ, ಮೆತ್ತನ್ನ ಕುಂಚದಿಂದ ಗರಿಯ ಎರಡೂ ಮಗ್ಗುಲಿಗೆ ಬಳಿದೆ. ಎರಡು ದಿನ ನೆರಳಲ್ಲಿ ಒಣಗಿಸಿದೆ. ಗರಿ ಗಾಜಿನ ಹಾಗೆ ಮಿಂಚುತ್ತದೆ. ಅಕ್ಷರ ನಿನ್ನೆ ಕೊರೆದ ಹಾಗಿವೆ. ನಾಲ್ಕೂ ಕಟ್ಟು ಮುಗಿಸಿ, ಹಲಗೆ ಬಿಗಿದು ಕಪಾಟಿನಲ್ಲಿಟ್ಟೆ.

ಮೂಡಲಗಿಯ ಸತ್ತೆಪ್ಪನವರಿಗೂ ಹೇಳಿದ್ದೇನೆ. ಅವರ ಮನೆಯಲ್ಲಿ ಹನ್ನೊಂದು ಕಟ್ಟುಗಳಿವೆ, ಗೊತ್ತಲ್ಲ. ಇನ್ನು ಇನ್ನೂರು ವರ್ಷ ಯಾರೂ ಇವುಗಳ ಚಿಂತೆ ಮಾಡಬೇಕಾಗಿಲ್ಲ.

ನಿನ್ನ ಅಣ್ಣ,
ಗುರುಲಿಂಗಪ್ಪ


ಹುಕ್ಕೇರಿ
೩೦ ಮಾರ್ಚ್ ೧೯೩೯

ಗುರುಲಿಂಗಣ್ಣನವರಿಗೆ ಚನ್ನವ್ವನ ಶರಣು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಂತೋಷವಾಯಿತು ಎಂದು ಬರೆಯಬೇಕು. ಆದರೆ ಮೊದಲು ಆದದ್ದು ಸಂತೋಷವಲ್ಲ, ಅಂಜಿಕೆ.

ಅಪ್ಪ ಪ್ರತಿ ವರ್ಷ ಸಂಕ್ರಾಂತಿಯಾದ ಮೇಲೆ, ಒಣ ಬಿಸಿಲು ಬಿದ್ದ ದಿನಗಳಲ್ಲಿ, ಕಟ್ಟು ಬಿಚ್ಚುತ್ತಿದ್ದರು. ಗರಿ ಗರಿಯನ್ನೂ ಅರಿವೆಯಿಂದ ಒರೆಸಿ, ಎಣ್ಣೆ ಮುಟ್ಟಿಸಿಯೂ ಮುಟ್ಟಿಸದ ಹಾಗೆ ಸವರಿ, ನಡುನಡುವೆ ಹುಳ ಬಾರದಂತೆ ಬಜಿ ಬೇರಿನ ತುಣುಕು ಇಟ್ಟು, ಕೆಂಪು ಅರಿವೆಯಲ್ಲಿ ಸುತ್ತುತ್ತಿದ್ದರು. ಅವರ ಕಣ್ಣು ಹೋದ ಮೇಲೆ ಆ ಕೆಲಸ ನನ್ನದಾಯಿತು. ಗಂಡ ತೀರಿಕೊಂಡು ನಾನು ಈ ಮನೆಗೆ ತಿರುಗಿ ಬಂದಾಗ ಊರವರು ಏನೇನೋ ಅಂದರು. ಅಪ್ಪ ಒಂದೇ ಮಾತು ಅಂದದ್ದು: ‘ಚನ್ನವ್ವಾ, ಗರಿ ಒರಸಾಕ ಮೂರ ತಿಂಗಳ ಹಿಡಿತೈತಿ. ಒರಸೂದು ಮುಗದಮ್ಯಾಲ ಅಳೂದಿದ್ರ ಅಳು.’ ಅಷ್ಟು ವರ್ಷ ಕೈ ಓಡಿದ ಕೆಲಸವನ್ನು ಒಮ್ಮೆಲೇ ಬಿಡುವುದೆಂದರೆ ನನಗೆ ಕಸಿವಿಸಿ.

ಇನ್ನೊಂದು ಮಾತು. ನಿಮ್ಮ ವಾಚನಾಲಯದ ಪುಸ್ತಕಗಳಂತೆ ಇವು ಸುಮ್ಮನೆ ಇರುವವಲ್ಲ. ಪಶುವೈದ್ಯದ ಕಟ್ಟನ್ನು ನಾನು ತಿಂಗಳಿಗೆ ನಾಲ್ಕು ಸಲವಾದರೂ ಬಿಚ್ಚುತ್ತೇನೆ. ಸುತ್ತ ಹಳ್ಳಿಯ ರೈತರು ಎತ್ತು, ಎಮ್ಮೆ ಮಲಗಿದರೆ ಇಲ್ಲಿಗೇ ಬರುತ್ತಾರೆ. ನಾನು ಓದುತ್ತೇನೆ, ಅವರು ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ಹೆಣ್ಣಿನ ಮಾತನ್ನು ಯಾರೂ ಕೇಳಲಿಕ್ಕಿಲ್ಲ. ಗರಿಯ ಮಾತನ್ನು ಕೇಳುತ್ತಾರೆ.

ಬಳಿದ ಗರಿ ಒಂದನ್ನು ಕಳಿಸಿಕೊಡಿರಿ. ಕೈಯಲ್ಲಿ ಹಿಡಿದು ನೋಡಿದ ಮೇಲೆ ಹೇಳುತ್ತೇನೆ.

ಚನ್ನವ್ವ


ಗೋಕಾಕ
೧೮ ಏಪ್ರಿಲ್ ೧೯೩೯

ತಂಗಿಗೆ ಶರಣು.

ಗರಿ ಕಳಿಸಿದ್ದೇನೆ. ಎರಡು ರಟ್ಟಿನ ನಡುವೆ ಇಟ್ಟು ಹೊಲಿದಿದ್ದೇನೆ, ಮೆಲ್ಲಗೆ ಬಿಚ್ಚು. ನೀರು ಸುರುವಿ ನೋಡು, ಅಂಜಬೇಡ. ಉಗುರಿನಿಂದ ಗೀರಿ ನೋಡು.

ನಮ್ಮ ಹಿರಿಯರು ದೊಡ್ಡವರು, ಅಲ್ಲ ಎನ್ನುವುದಿಲ್ಲ. ಆದರೆ ಅವರಿಗೆ ಸಿಕ್ಕದ್ದು ಎಣ್ಣೆ ಮತ್ತು ಬಜಿ. ನಮಗೆ ಬೇರೆ ಸಿಕ್ಕಿದೆ. ಈ ವಿಧಾನವನ್ನು ಬರೆದು ಧಾರವಾಡದ ಒಂದು ಮಾಸಪತ್ರಿಕೆಗೆ ಕಳಿಸಿದ್ದೆ. ಮುಂದಿನ ತಿಂಗಳು ಅಚ್ಚು ಹಾಕುವುದಾಗಿ ಬರೆದಿದ್ದಾರೆ. ಅದರಲ್ಲಿ ನಿನ್ನ ತಂದೆಯವರ ಹೆಸರನ್ನೂ ಹಾಕಿದ್ದೇನೆ.

ಗುರುಲಿಂಗಪ್ಪ


ಹುಕ್ಕೇರಿ
೯ ಮೇ ೧೯೩೯

ಗುರುಲಿಂಗಣ್ಣನವರಿಗೆ ಶರಣು.

ನಾನು ಸೋತೆ. ಗರಿಯ ಮೇಲೆ ಒಂದು ತಂಬಿಗೆ ನೀರು ಸುರುವಿದೆ. ಮುತ್ತಿನ ಹಾಗೆ ಉರುಳಿಹೋಯಿತು. ಬಿಸಿಲಲ್ಲಿ ಇಟ್ಟೆ, ಬಾಗಲಿಲ್ಲ. ಇರುವೆ ಹತ್ತುವ ಕಡೆ ಎರಡು ದಿನ ಇಟ್ಟೆ, ಮೂಸಿ ಸಹ ನೋಡಲಿಲ್ಲ. ಅಪ್ಪ ಬರೆದ ‘ಳ’ಕಾರದ ಬಾಲವನ್ನು ಇಷ್ಟು ಸ್ಪಷ್ಟವಾಗಿ ನಾನು ನೋಡಿ ಹದಿನೈದು ವರ್ಷವಾಗಿರಬೇಕು. ಒಲೆಯ ಮುಂದೆ ಕುಳಿತು ಅತ್ತೆ. ಬಾಜೂಮನೆಯ ರಾಯವ್ವ ಬಂದು, ಯಾರು ಹೋದರು ಎಂದು ಕೇಳಿದಳು. ಯಾರೂ ಹೋಗಿಲ್ಲ, ಬಂದರು ಅಂದೆ.

ಉಳಿದ ಇಪ್ಪತ್ತೇಳು ಕಟ್ಟುಗಳಿಗೂ ಮಾಡಬೇಕು. ನಾನೇ ಕಲಿಯುತ್ತೇನೆ. ಮುಂದಿನದನ್ನು ವಿವರವಾಗಿ ಬರೆಯಿರಿ.

ಚನ್ನವ್ವ


ಗೋಕಾಕ
೨ ಜುಲೈ ೧೯೩೯

ತಂಗಿ ಚನ್ನವ್ವನಿಗೆ ಶರಣು.

ಪತ್ರಕ್ಕೆ ಉತ್ತರ ತಡವಾಯಿತು. ಶಾಲೆಯ ತಪಾಸಣೆ ಇತ್ತು. ಮಳೆ ಈ ಸಲ ಜೋರಾಗಿಯೇ ಹಿಡಿದಿದೆ. ಘಟಪ್ರಭೆ ಕೆಂಪಾಗಿ ತುಂಬಿ ಹರಿಯುತ್ತಿದ್ದಾಳೆ, ಧಬಧಬೆಯ ಸದ್ದು ಊರಿನವರೆಗೂ ಕೇಳುತ್ತದೆ ಎನ್ನುತ್ತಾರೆ. ನನ್ನ ಮೊಣಕಾಲು ನೋವು ಮತ್ತೆ ಸುರುವಾಗಿದೆ.

ಕಟ್ಟುಗಳು ಕಪಾಟಿನಲ್ಲಿವೆ.

ನಿನ್ನ ಕಡೆ ಬಿತ್ತನೆ ಹೇಗಾಗಿದೆ ಬರೆ.

ಗುರುಲಿಂಗಪ್ಪ


ಹುಕ್ಕೇರಿ
೧೪ ಜುಲೈ ೧೯೩೯

ಗುರುಲಿಂಗಣ್ಣನವರಿಗೆ ಶರಣು.

ನಾನು ಕೇಳಿದ್ದು ಒಂದು, ನೀವು ಬರೆದದ್ದು ಒಂದು. ಬಿತ್ತನೆ ಚೆನ್ನಾಗಿದೆ. ನಿಮ್ಮ ಮೊಣಕಾಲಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿರಿ.

ನನಗೆ ಬೇಕಾದದ್ದು ಇಷ್ಟು. ಮಳೆಗಾಲದಲ್ಲಿ ಬಳಿದರೆ ಎಷ್ಟು ದಿನ ಒಣಗಿಸಬೇಕು? ಒಂದು ಕೈ ಬಳಿದರೆ ಸಾಕೋ, ಎರಡು ಬೇಕೋ? ನಿಮ್ಮಲ್ಲಿರುವ ನಾಲ್ಕು ಕಟ್ಟುಗಳಲ್ಲಿ ವಚನದ ಎರಡನ್ನು ಶ್ರಾವಣಕ್ಕೆ ಕಳಿಸಿಕೊಡಿರಿ. ಅವುಗಳನ್ನು ಓದದೆ ಈ ಮನೆಯಲ್ಲಿ ಯಾವ ಶ್ರಾವಣವೂ ಕಳೆದಿಲ್ಲ. ಬರುವ ಸೋಮವಾರಗಳಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ಆ ಮಿಂಚುವ ಗರಿ ನೋಡಲು ಬರುವುದಾಗಿ ಹೇಳಿದ್ದಾರೆ.

ಚನ್ನವ್ವ


ಗೋಕಾಕ
೨೮ ಜುಲೈ ೧೯೩೯

ತಂಗಿಗೆ ಶರಣು.

ಕಟ್ಟುಗಳನ್ನು ಈ ಮಳೆಯಲ್ಲಿ ಕಳಿಸುವುದು ಸರಿಯಲ್ಲ. ದಾರಿಯಲ್ಲಿ ಏನಾದರೂ ಆದರೆ ಯಾರು ಹೊಣೆ?

ಬಳಿಯುವ ವಿಷಯಕ್ಕೆ ಅವಸರ ಬೇಡ. ಅದು ನಾಜೂಕಿನ ಕೆಲಸ. ಹೆಂಗಸರು ಮನೆಯಲ್ಲಿ ಕುಳಿತು ಮಾಡುವಂಥದ್ದಲ್ಲ. ನಾನೇ ಬಿಡುವು ಮಾಡಿಕೊಂಡು ಯಾವಾಗಲಾದರೂ ಬರುತ್ತೇನೆ. ಅಲ್ಲಿಯವರೆಗೆ ನೀನು ಕೈ ಹಚ್ಚಬೇಡ.

ಗುರುಲಿಂಗಪ್ಪ


ಹುಕ್ಕೇರಿ
೨೫ ಆಗಸ್ಟ್ ೧೯೩೯

ಗುರುಲಿಂಗಣ್ಣನವರಿಗೆ.

ನಿಮ್ಮ ಪತ್ರ ಮುಟ್ಟಿತು. ಹೆಂಗಸರ ಕೈಯ ವಿಷಯ ನೀವು ಬರೆದದ್ದನ್ನು ಓದಿದೆ. ಅಪ್ಪನ ಕಣ್ಣು ಹೋದ ಹನ್ನೊಂದು ವರ್ಷ ಈ ಗರಿಗಳನ್ನು ಮುಟ್ಟಿದ್ದು ಯಾವ ಕೈ ಎಂದು ಕೇಳಬೇಕೆನ್ನಿಸಿತು, ಕೇಳುವುದಿಲ್ಲ.

ಗಣೇಶ ಚೌತಿಯ ರಜೆಗೆ ತಪ್ಪದೆ ಬರ್ರಿ. ನಿಮಗೆ ತೋರಿಸುವುದು ಒಂದಿದೆ.

ಚನ್ನವ್ವ


ಹುಕ್ಕೇರಿ
೧೧ ಅಕ್ಟೋಬರ್ ೧೯೩೯

ಗುರುಲಿಂಗಪ್ಪ ಮಾಸ್ತರರಿಗೆ.

ನೀವು ಚೌತಿಗೆ ಬರಲಿಲ್ಲ. ಒಳ್ಳೆಯದೇ ಆಯಿತು. ಬಂದು ನಿಮ್ಮೆದುರಿಗೇ ಇದಾಗಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿಮ್ಮ ಜುಲೈ ತಿಂಗಳ ಪತ್ರ ಬಂದ ಮೇಲೆ ಗೋಕಾಕಕ್ಕೆ ಹೋಗುವ ಗಾಡಿಯವನ ಕೈಯಲ್ಲಿ ಹೇಳಿಕಳಿಸಿ ಆ ಶಿದ್ರಾಮನಿಂದ ಎರಡು ಡಬ್ಬಿ ವಾರ್ನಿಶು ತರಿಸಿದೆ. ಶ್ರಾವಣದ ಹದಿನೆಂಟು ದಿನ, ಮಳೆ ಬಿಟ್ಟ ಹೊತ್ತಿನಲ್ಲೆಲ್ಲ, ನಾನೂ ರಾಯವ್ವನೂ ಕುಳಿತು ಬಳಿದೆವು. ಇಪ್ಪತ್ತೇಳು ಕಟ್ಟು. ಎರಡು ಸಾವಿರದ ಮೇಲೆ ಗರಿಗಳು. ಒಂದೊಂದನ್ನೂ ಹಗ್ಗಕ್ಕೆ ತೂಗುಹಾಕಿ ಒಣಗಿಸಿದೆ. ಕೈಗೆ ಅಂಟದಿದ್ದಾಗ ಕಟ್ಟಿದೆ. ನಿಮ್ಮ ಮುಂದೆ ಇಟ್ಟು, ಹೆಂಗಸರ ಕೈ ನೋಡಿರಿ ಎನ್ನಬೇಕೆಂದಿದ್ದೆ.

ಕಟ್ಟಿದ ಮೇಲೆ ದನದ ಬೇನೆ ಎಂದು ಒಂದು ತಿಂಗಳು ಯಾರೂ ಬಂದಿರಲಿಲ್ಲ; ಮೊನ್ನೆ ಸೋಮವಾರ ಹಣಮಂತ ಎಂಬ ರೈತ ಬಂದ. ನಮ್ಮೂರಿಗೆ ಎರಡು ಹರದಾರಿ ದೂರದ ಹಳ್ಳಿಯವನು. ಅವನ ಎತ್ತು ಎರಡು ದಿನದಿಂದ ಮೇವು ಮುಟ್ಟಿಲ್ಲ, ಹೊಟ್ಟೆ ಉಬ್ಬುತ್ತದೆ, ಇಳಿಯುತ್ತದೆ, ಮತ್ತೆ ಉಬ್ಬುತ್ತದೆ ಎಂದ. ನಾನು ಕೈಕಾಲು ತೊಳೆದು ಪಶುವೈದ್ಯದ ಕಟ್ಟನ್ನು ತಂದು ಅವನೆದುರು ಅರಿವೆ ಬಿಚ್ಚಿದೆ. ಹಲಗೆ ಎತ್ತಿದರೆ ಏಳಲಿಲ್ಲ. ದಾರ ಎಳೆದರೆ ಬರಲಿಲ್ಲ. ಬೆರಳು ತೂರಿಸಲು ನೋಡಿದೆ, ಗರಿ ಮತ್ತು ಗರಿಯ ನಡುವೆ ಉಗುರು ಹೋಗುವಷ್ಟೂ ಸಂದಿಲ್ಲ. ನನ್ನ ಕೈಯಲ್ಲಿ ಇದ್ದದ್ದು ಕಟ್ಟಲ್ಲ, ಒಂದು ಇಟ್ಟಂಗಿ. ಜೋರು ಮಾಡಿ ಎಳೆದೆ. ಚರಕ್ ಎಂದು ಮೇಲಿನ ಗರಿ ಅರ್ಧಕ್ಕೆ ಹರಿಯಿತು. ಅಕ್ಷರದ ಸಮೇತ ಅದರ ಚರ್ಮ ಕೆಳಗಿನದಕ್ಕೆ ಹತ್ತಿಕೊಂಡಿತ್ತು.

ಹಣಮಂತ ನೋಡುತ್ತಿದ್ದ. ನಾನು ಒಳಗೆ ಓಡಿ ಒಂದೊಂದೇ ಕಟ್ಟು ಬಿಚ್ಚಿದೆ. ಎಲ್ಲವೂ ಹಾಗೇ. ಇಪ್ಪತ್ತೇಳೂ. ಕೊನೆಯದನ್ನು ಬಿಚ್ಚುವಾಗ ರಾಯವ್ವ ಬಂದು ಭುಜ ಹಿಡಿದದ್ದೂ ತಿಳಿಯಲಿಲ್ಲ.

ಹೊರಗೆ ಬಂದು ಹಣಮಂತನಿಗೆ ಔಷಧವನ್ನು ನೆನಪಿನಿಂದ ಹೇಳಿದೆ. ಅವನು ಏಳಲಿಲ್ಲ. ‘ಗರಿ ನೋಡಿ ಹೇಳ್ರಿ ಅಕ್ಕಾರ,’ ಅಂದ. ಗರಿ ಬರುವುದಿಲ್ಲ ಎಂದೆ. ಅವನು ಎದ್ದುಹೋದ. ಎತ್ತು ಮರುದಿನ ಸತ್ತಿತು.

ಮಾಸ್ತರರೇ, ಒಂದೇ ಒಂದು ಪ್ರಶ್ನೆ. ನಿಮ್ಮ ಕಪಾಟಿನಲ್ಲಿರುವ ನಾಲ್ಕು ಕಟ್ಟು ಬಿಚ್ಚಲು ಬರುತ್ತವೆಯೇ? ನಾನು ತಪ್ಪಾಗಿ ಬಳಿದೆನೇ? ಬರುತ್ತವೆ ಎಂದಾದರೆ ಈ ಪಾಪ ನನ್ನ ಕೈಯದು. ಅಷ್ಟನ್ನು ಬರೆಯಿರಿ.

ಚನ್ನವ್ವ


ಗೋಕಾಕ
೧೪ ಅಕ್ಟೋಬರ್ ೧೯೩೯

ಚನ್ನವ್ವಾ,

ಬಿಚ್ಚಲು ಬರುವುದಿಲ್ಲ. ನೀನು ತಪ್ಪಾಗಿ ಬಳಿದಿಲ್ಲ.

ನನಗೆ ತಿಳಿದದ್ದು ಜೂನ್ ಹತ್ತೊಂಬತ್ತರಂದು. ಮೊದಲ ಮಳೆ ಬಿದ್ದ ವಾರ. ಗೋಡೆ ಬೆವರುತ್ತಿತ್ತು ಎಂದು ಕಪಾಟು ತೆರೆದು ನೋಡಿದೆ. ನಾಲ್ಕೂ ಕಟ್ಟು ನೀನು ಬರೆದ ಹಾಗೇ ಆಗಿದ್ದವು. ಬೇಸಿಗೆಯಲ್ಲಿ ಒಣಗಿದ ಹಾಗೆ ಕಂಡದ್ದು ಒಣಗಿರಲಿಲ್ಲ. ಹಲಗೆಯ ಬಿಗಿಗೆ, ಮಳೆಯ ತಂಪಿಗೆ, ಮೆತ್ತಗಾಗಿ ಒಂದಕ್ಕೊಂದು ಬೆಸೆದುಕೊಂಡಿದ್ದವು. ನಾನು ನಿನಗೆ ಕಳಿಸಿದ್ದು ಒಂಟಿ ಗರಿ. ಒಂಟಿ ಗರಿಗೆ ಅಂಟಿಕೊಳ್ಳಲು ಏನೂ ಇರಲಿಲ್ಲ.

ಆ ದಿನವೇ ನಿನಗೆ ಬರೆಯಲು ಕುಳಿತೆ. ‘ತಂಗಿ ಚನ್ನವ್ವನಿಗೆ’ ಎಂದು ಬರೆದು ಹರಿದುಹಾಕಿದೆ. ಮೊದಲು ಸರಿಮಾಡಿ ಆಮೇಲೆ ಹೇಳೋಣ ಎಂದುಕೊಂಡೆ. ಹಬೆ ಹಿಡಿದೆ, ಸ್ಪಿರಿಟ್ಟು ಹಚ್ಚಿದೆ, ತೆಳ್ಳನ್ನ ಚಾಕು ತೂರಿಸಿದೆ. ಒಂದು ಕಟ್ಟನ್ನು ಪೂರಾ ನಾಶ ಮಾಡಿದೆ. ಅದು ವಚನದ ದೊಡ್ಡ ಕಟ್ಟು. ನೀನು ಶ್ರಾವಣಕ್ಕೆ ಕೇಳಿದ್ದೆಯಲ್ಲ, ಅದೇ.

ಹೆಂಗಸರ ಕೈಯ ಮಾತು ಬರೆದದ್ದು ನೀನು ಬಳಿಯಬಾರದೆಂದು. ಖರೆ ಕಾರಣ ಬರೆಯುವ ಧೈರ್ಯ ಇರಲಿಲ್ಲ. ಅವಮಾನ ಮಾಡಿದರೆ ಸುಮ್ಮನಿರುತ್ತಾಳೆ ಎಂದುಕೊಂಡೆ. ಮೂವತ್ತೆಂಟು ವರ್ಷದಿಂದ ನಿನ್ನನ್ನು ಬಲ್ಲವನು ಹಾಗೆ ಅಂದುಕೊಂಡೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದನ್ನು ಬರೆಯದೆ ಈ ಪತ್ರ ಮುಗಿಸಿದರೆ ನಾನು ಮನುಷ್ಯನಲ್ಲ. ಆಗಸ್ಟ್ ಮೊದಲ ವಾರ ಶಿದ್ರಾಮ ದಾರಿಯಲ್ಲಿ ಸಿಕ್ಕು, ಹುಕ್ಕೇರಿಯ ಅಕ್ಕನವರು ಎರಡು ಡಬ್ಬಿ ತರಿಸಿಕೊಂಡರು ಎಂದು ಹೇಳಿದ. ನನಗೆ ಗೊತ್ತಾಯಿತು, ಚನ್ನವ್ವಾ. ಎರಡು ಡಬ್ಬಿ ಯಾತಕ್ಕೆ ಎಂದು ಆ ನಿಂತ ನಿಲುವಿನಲ್ಲೇ ಗೊತ್ತಾಯಿತು. ಮನೆಗೆ ಬಂದು, ಬಾಗಿಲಿಗೆ ಹಚ್ಚಲು ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆ ದಿನ ಹುಕ್ಕೇರಿಯ ಮೋಟರು ಹತ್ತಿದ್ದರೆ ನೀನು ಇನ್ನೂ ಕುಂಚ ಎತ್ತಿರುತ್ತಿರಲಿಲ್ಲ.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆಯುವ ಅಧಿಕಾರ ನನಗಿಲ್ಲ.

ಗುರುಲಿಂಗಪ್ಪ


ಗೋಕಾಕ
೨೯ ಅಕ್ಟೋಬರ್ ೧೯೩೯

ಚನ್ನವ್ವನಿಗೆ.

ನಿನ್ನ ಉತ್ತರ ಬಂದಿಲ್ಲ. ಬರುವುದೆಂದು ಕಾಯುವುದೂ ತಪ್ಪು. ಆದರೂ ಮೂಡಲಗಿಯ ಸಂಗತಿ ನಿನಗೆ ತಿಳಿಯಬೇಕು ಎಂದು ಬರೆಯುತ್ತಿದ್ದೇನೆ.

ನಿನಗೆ ಬರೆದ ಮರುದಿನವೇ ಮೂಡಲಗಿಗೆ ಹೊರಟೆ. ಅರ್ಧ ದಾರಿಯವರೆಗೆ ಗಾಡಿ ಸಿಕ್ಕಿತು, ಅಲ್ಲಿಂದ ಮುಂದೆ ಬಹಳ ಮಟ್ಟಿಗೆ ನಡೆದೆ. ಸತ್ತೆಪ್ಪನವರ ವಯಸ್ಸು ಎಪ್ಪತ್ತರ ಮೇಲೆ. ಅವರ ಮನೆಯ ಪಡಸಾಲೆ ಹೊಕ್ಕ ಕೂಡಲೇ ವಾರ್ನಿಶಿನ ವಾಸನೆ ಮೂಗಿಗೆ ಬಡಿಯಿತು. ಚಾಪೆಯ ಮೇಲೆ ಗರಿ ಹರಡಿದ್ದರು. ಕೈಯಲ್ಲಿ ಕುಂಚವಿತ್ತು. ನನ್ನನ್ನು ಕಂಡು ಮುಖ ಅರಳಿಸಿ, ಮಳೆ ನಿಲ್ಲಲಿ ಎಂದು ಇಷ್ಟು ದಿನ ಕಾದೆ, ಈಗ ಎರಡು ಕಟ್ಟು ಮುಗಿದು ಮೂರನೆಯದು ನಡೆದಿದೆ ಎಂದರು. ಅವರ ಹೆಂಡತಿ ಮಾಯವ್ವನವರು ನನಗೆ ಕೂಡಲು ಮಣೆ ಹಾಕಿದರು.

ನಾನು ಕೂಡಲಿಲ್ಲ. ನಿಂತೇ ಹೇಳಿದೆ. ನನ್ನ ಕಟ್ಟುಗಳ ವಿಷಯ, ನಿನ್ನ ಇಪ್ಪತ್ತೇಳರ ವಿಷಯ, ಎಲ್ಲ.

ಸತ್ತೆಪ್ಪನವರು ಕುಂಚವನ್ನು ಡಬ್ಬಿಯಲ್ಲಿ ಇಟ್ಟರು. ಆಮೇಲೆ ಕೇಳಿದರು, ‘ನಿಮಗ ಎಂದ ಗೊತ್ತಾತ್ರಿ ಮಾಸ್ತರ?’

‘ಜೂನದಾಗ್ರಿ.’

‘ಈಗ ಯಾವ ತಿಂಗಳ?’

ಸತ್ತೆಪ್ಪನವರು ಎದ್ದರು. ಬಳಿದ ಗರಿಗಳನ್ನು ಒಂದೊಂದಾಗಿ ಬೇರೆ ಬೇರೆ ಎತ್ತಿ ಗೋಡೆಗೆ ಒರಗಿಸತೊಡಗಿದರು. ನಾನೂ ಕೈ ಹಚ್ಚಲು ಬಗ್ಗಿದೆ. ಮಾಯವ್ವನವರು ನನ್ನ ಮುಂಗೈ ಹಿಡಿದರು. ‘ಬ್ಯಾಡ್ರಿ,’ ಅಂದರು. ಅಷ್ಟೇ. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಆ ದಾರಿಯನ್ನು ತಿರುಗಿ ನಡೆಯುವುದು ಹಗುರವಾಗುತ್ತಿತ್ತು.

ಅವರ ಹನ್ನೊಂದರಲ್ಲಿ ಎಂಟು ಉಳಿದವು. ಬಳಿದ ಮೂರನ್ನು ಇನ್ನು ಎಂದೂ ಕಟ್ಟುವುದಿಲ್ಲ, ಗರಿ ಗರಿಯ ನಡುವೆ ಅರಿವೆ ಇಟ್ಟು ಪೆಟ್ಟಿಗೆಯಲ್ಲಿ ನಿಲ್ಲಿಸಿಡುತ್ತೇವೆ ಎಂದರು.

ಮಾಸಪತ್ರಿಕೆಗೂ ಬರೆದಿದ್ದೇನೆ. ನನ್ನ ಮೇ ತಿಂಗಳ ಲೇಖನ ತಪ್ಪು, ಅದನ್ನು ನಂಬಿ ಯಾರೂ ಬಳಿಯಬಾರದು, ಇದರಿಂದ ಮೂವತ್ತೊಂದು ಕಟ್ಟುಗಳು ಹಾಳಾದವು ಎಂದು ನನ್ನ ಹೆಸರು ಹಾಕಿ ಅಚ್ಚು ಮಾಡಲು ಕೇಳಿದ್ದೇನೆ. ಅದನ್ನು ಓದಿ ಎಷ್ಟು ಜನ ಬಳಿದಿದ್ದಾರೋ ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ.

ಗುರುಲಿಂಗಪ್ಪ


ಹುಕ್ಕೇರಿ
೨೦ ನವೆಂಬರ್ ೧೯೩೯

ಮಾಸ್ತರರಿಗೆ.

ನಿಮ್ಮ ಎರಡೂ ಪತ್ರ ಮುಟ್ಟಿವೆ. ವಾರ್ನಿಶು ಬಳಿದದ್ದು ತಿಳಿಯದೆ ಆದದ್ದು. ಅದನ್ನು ನಾನು ಓದಿದ ದಿನವೇ ಬಿಟ್ಟೆ. ಜೂನ್ ಹತ್ತೊಂಬತ್ತರಿಂದ ಈಚೆಯದನ್ನು ಬಿಡಲು ನನ್ನಿಂದ ಆಗಿಲ್ಲ.

ಇನ್ನು ಮೇಲೆ ದುಃಖದ ಪತ್ರ ಬರೆಯಬೇಡಿರಿ. ಅದನ್ನು ಓದಿ ನಿಮ್ಮನ್ನು ಸಮಾಧಾನ ಮಾಡುವ ಶಕ್ತಿ ನನಗಿಲ್ಲ. ಕೆಲಸದ ಮಾತಿದ್ದರೆ ಬರೆಯಿರಿ. ಸ್ಪಿರಿಟ್ಟು, ಹಬೆ ಎಂದು ನಿಮ್ಮಷ್ಟಕ್ಕೆ ನೀವೇ ಮಾಡಿದಿರಲ್ಲ, ಆ ಶಿದ್ರಾಮನನ್ನು ಕೇಳಿದಿರಾ? ಹುಟ್ಟಿದಾಗಿನಿಂದ ಆ ಡಬ್ಬಿಯ ಜೊತೆ ಇರುವವನು ಅವನು.

ಚನ್ನವ್ವ


ಗೋಕಾಕ
೮ ಡಿಸೆಂಬರ್ ೧೯೩೯

ಚನ್ನವ್ವನಿಗೆ.

ಕೇಳಿರಲಿಲ್ಲ. ಮೊದಲು ಕೇಳುವಾಗಲೂ, ಮಿಂಚುವುದು ಹೇಗೆ ಎಂದಷ್ಟೇ ಕೇಳಿದ್ದೆ. ಯಾತಕ್ಕೆ ಎಂದು ಅವನಿಗೆ ಹೇಳಿರಲಿಲ್ಲ.

ಈಗ ನಮ್ಮ ಒಂದು ಕಟ್ಟನ್ನು ಅವನ ಮುಂದೆ ಇಟ್ಟೆ. ಶಿದ್ರಾಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ತಲೆಯ ಮೇಲೆ ಕೈ ಇಟ್ಟುಕೊಂಡು ಕುಳಿತ. ‘ಮಳಿಗಾಲದಾಗ ನಾವು ಹಣ್ಣಿಗೆ ಹಣ್ಣ ತಾಗಿಸಿ ಇಡಂಗಿಲ್ರಿ ಮಾಸ್ತರ,’ ಅಂದ. ‘ನೀವು ಕೇಳಿದ್ರ ಹೇಳ್ತಿದ್ನೆಲ್ರಿ.’ ಆ ಮಾತು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಇದು ದುಃಖದ ಮಾತು, ನೀನು ಬೇಡ ಅಂದಿದ್ದೆ. ಕೆಲಸದ ಮಾತು ಇದು:

ಯಾವ ಎಣ್ಣೆಯನ್ನೂ, ಹಬೆಯನ್ನೂ ಮುಟ್ಟಿಸಬಾರದು. ಮೆತ್ತಗಾದಷ್ಟೂ ಗರಿಯ ಚರ್ಮ ಹಿಡಿದುಕೊಳ್ಳುತ್ತದೆ. ಪುಷ್ಯ ಮಾಸದ ಒಣ ಚಳಿಗೆ ವಾರ್ನಿಶು ತಾನೇ ಬಿರುಸಾಗುತ್ತದೆ. ಬೆಳಗಿನ ಥಂಡಿಯಲ್ಲಿ, ಬಿಸಿಲು ಏರುವ ಮೊದಲು, ಬಿದಿರಿನ ಚಕ್ಕೆಯನ್ನು ಮೂಲೆಯಿಂದ ತೂರಿಸಿ ತಟ್ಟಬೇಕು. ಬಂದರೆ ಬಂತು. ಬಾರದಿದ್ದರೆ ಆ ದಿನ ಬಿಟ್ಟುಬಿಡಬೇಕು. ಶಿದ್ರಾಮ ಐದು ಬಿದಿರಿನ ಚಕ್ಕೆಗಳನ್ನು ತಾನೇ ಕೆತ್ತಿ ಕೊಟ್ಟಿದ್ದಾನೆ, ಇದರ ಜೊತೆ ಕಳಿಸಿದ್ದೇನೆ.

ನಾನು ಇಲ್ಲಿಯ ಮೂರಕ್ಕೆ ಕೈ ಹಚ್ಚಿಲ್ಲ. ನೀನು ಹೇಳಿದರೆ ತಂದುಕೊಡುತ್ತೇನೆ.

ಗುರುಲಿಂಗಪ್ಪ


ಹುಕ್ಕೇರಿ
೧೯ ಜನವರಿ ೧೯೪೦

ಗುರುಲಿಂಗಣ್ಣನಿಗೆ.

ಮೂರು ವಾರ ದಿನವೂ ಬೆಳಿಗ್ಗೆ ಅಂಗಳದಲ್ಲಿ ಕುಳಿತೆ. ಮೊದಲಿನ ಹತ್ತು ದಿನ ಒಂದು ಗರಿಯೂ ಏಳಲಿಲ್ಲ. ಹನ್ನೊಂದನೆಯ ದಿನ ಮಂಜು ಬಿದ್ದಿರಲಿಲ್ಲ, ಗಾಳಿ ಒಣಗಿತ್ತು. ಪಶುವೈದ್ಯದ ಕಟ್ಟಿನ ಮೂಲೆಗೆ ಚಕ್ಕೆ ತಟ್ಟಿದೆ. ಟಕ್ ಎಂದು ಸೀಳಿತು. ಗರಿ ಬಂತೆಂದು ತಿರುಗಿಸಿ ನೋಡಿದರೆ ಅದರ ಮೇಲೆ ಅಕ್ಷರವೇ ಇಲ್ಲ. ಬೋಳು. ಬರೆದ ಗೀರು ಕೂಡ ಮಸುಕು.

ರಾಯವ್ವ ನೆಲದಿಂದ ಒಂದು ಹಪ್ಪಳದಂಥದ್ದನ್ನು ಎತ್ತಿದಳು. ವಾರ್ನಿಶಿನ ಪದರು ತಾನೇ ಬಿಟ್ಟು ಬಂದಿತ್ತು. ಗೀರಿನೊಳಗೆ ತುಂಬಿದ್ದ ಮಸಿಯನ್ನೆಲ್ಲ ಹಿಡಿದುಕೊಂಡು ಬಂದಿತ್ತು. ಅಕ್ಷರಗಳೆಲ್ಲ ಅದರ ಮೇಲಿದ್ದವು, ಆದರೆ ತಿರುವುಮುರುವು. ಇನ್ನೊಂದು ಮಗ್ಗುಲಿಗೆ ಪಕ್ಕದ ಗರಿಯ ಸಿಪ್ಪೆ ಹತ್ತಿ ಮುಚ್ಚಿತ್ತು, ಆ ಕಡೆಯಿಂದ ಓದಲು ಬಾರದು. ಕನ್ನಡಿಯ ಮುಂದೆ ಹಿಡಿದೆ. ಅಪ್ಪನ ಅಕ್ಷರ.

ಎಲ್ಲವೂ ಹಾಗೆ ಬರುವುದಿಲ್ಲ. ಐದರಲ್ಲಿ ಒಂದು ಬರುತ್ತದೆ, ಉಳಿದವು ಪುಡಿಯಾಗುತ್ತವೆ. ಬಂದದ್ದು ಕೂಡ ಎಷ್ಟು ದಿನ ಇರುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಆ ದಿನದಿಂದ ಈ ತನಕ ಅರವತ್ತು ಗರಿಗಳ ಪದರು ಸಿಕ್ಕಿವೆ.

ಮೊನ್ನೆ ಮಂಗಳವಾರ ಸಿಕ್ಕದ್ದು ಹೊಟ್ಟೆ ಉಬ್ಬರದ ಗರಿ. ಹಣಮಂತನ ಎತ್ತಿಗೆ ನಾನು ಹೇಳಿದ್ದು ಅದೇ ಔಷಧ. ಕನ್ನಡಿಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅಗಸಿ ಎಣ್ಣೆ ಸರಿ, ಇಂಗು ಸರಿ, ಸುಂಠಿ ಸರಿ. ಪ್ರಮಾಣವೂ ಸರಿ. ಕೊನೆಯಲ್ಲಿ ಒಂದು ಸಾಲು ಇತ್ತು. ಕುತ್ತಿಗೆ ಚಾಚಿ ಉಸಿರು ಎಳೆಯುವ ಎತ್ತಿಗೆ ಇದನ್ನು ಬಾಯಿಗೆ ಹಾಕಬಾರದು, ಮೊದಲು ಮುಂಗಾಲನ್ನು ಎತ್ತರದಲ್ಲಿ ನಿಲ್ಲಿಸಿ ಉಬ್ಬರ ಇಳಿಸಬೇಕು, ಇಲ್ಲವಾದರೆ ಔಷಧ ಉಸಿರಿನ ದಾರಿಗೆ ಹೋಗಿ ದನ ಸಾಯುತ್ತದೆ, ಎಂದು.

ಆ ಸಾಲನ್ನು ನಾನು ನೂರು ಸಲ ಓದಿ ಹೇಳಿದ್ದೇನೆ. ಅಂದು ಅದೊಂದು ನೆನಪಿಗೆ ಬರಲಿಲ್ಲ. ಬರಲಿಲ್ಲ ಎಂಬುದೂ ಗೊತ್ತಿರಲಿಲ್ಲ. ಎಲ್ಲವನ್ನೂ ಹೇಳಿದೆ ಎಂದೇ ಇಷ್ಟು ದಿನ ತಿಳಿದಿದ್ದೆ.

ಕನ್ನಡಿಯನ್ನು ಕೆಳಗಿಟ್ಟೆ. ಮೊದಲು ಬಂದ ವಿಚಾರ ಏನೆಂದು ನಿಮಗೆ ಹೇಳಲೇಬೇಕು. ಎತ್ತು ಸತ್ತು ಮೂರು ತಿಂಗಳಾಯಿತು, ಈಗ ಹೇಳಿ ಯಾರಿಗೆ ಏನು ಬಂತು ಎಂಬ ವಿಚಾರ. ರಾಯವ್ವನಿಗೆ ಓದಲು ಬರುವುದಿಲ್ಲ. ಆ ಸಾಲು ಓದಿದವಳು ಈ ಭೂಮಿಯ ಮೇಲೆ ನಾನೊಬ್ಬಳೇ. ಪದರನ್ನು ಬೆರಳಿನಿಂದ ಒತ್ತಿದರೆ ಸಾಕಿತ್ತು, ಪುಡಿಯಾಗುತ್ತಿತ್ತು. ಬೆರಳು ಅದರ ಮೇಲೆಯೇ ಇತ್ತು ಅಣ್ಣಾ. ಎಷ್ಟು ಹೊತ್ತು ಇತ್ತೋ ತಿಳಿಯದು.

ಅರಿವೆಯಲ್ಲಿ ಅದನ್ನು ಮುಚ್ಚಿಟ್ಟು ಹಣಮಂತನ ಹಳ್ಳಿಗೆ ಹೊರಟೆ. ಎರಡು ಹರದಾರಿ. ಅಷ್ಟು ಉದ್ದದ ದಾರಿಯನ್ನು ನಾನು ಜನ್ಮದಲ್ಲಿ ನಡೆದಿಲ್ಲ. ಎರಡು ಸಲ ಗಿಡದ ಕೆಳಗೆ ಕುಳಿತೆ. ಒಂದು ಸಲ ಹಿಂದಿರುಗಿ ಹತ್ತು ಮಾರು ಬಂದೂ ಬಿಟ್ಟಿದ್ದೆ.

ಹಣಮಂತ ಹೊಲದಲ್ಲಿ ಒಂಟಿ ಎತ್ತಿಗೆ ಜೋಡಿಯಾಗಿ ಮಂದಿಯ ಎತ್ತು ಕಟ್ಟಿಕೊಂಡು ದುಡಿಯುತ್ತಿದ್ದ. ಹೇಳಿದೆ. ಎತ್ತು ಕುತ್ತಿಗೆ ಚಾಚಿತ್ತೇ ಎಂದು ಕೇಳಿದೆ. ಚಾಚಿತ್ತು ಎಂದ. ಬಾಯಿಗೆ ಹಾಕಿದ ಕೂಡಲೇ ಕೆಮ್ಮಿ ಬಿದ್ದಿತು ಎಂದ. ಆಮೇಲೆ ಬದುವಿನ ಮೇಲೆ ಕುಳಿತು ತಂಬಾಕು ತಿಕ್ಕಿದ, ಬಾಯಿಗೆ ಹಾಕಿಕೊಳ್ಳಲಿಲ್ಲ. ‘ಇದನ್ನ ಹೇಳಾಕಂತ ನಡ್ಕೊಂಡ ಬಂದ್ರಿ?’ ಎಂದು ಕೇಳಿದ.

‘ಹೌದಪ್ಪಾ.’

‘ನನ್ನ ಎತ್ತಂತೂ ಹೋತ್ರಿ,’ ಅಂದ. ‘ಮುಂದ ಬರಾವರ ಎತ್ತಿಗಿ ಆ ಸಾಲ ಬೇಕಲ್ರಿ. ಬರದ ಇಡ್ರಿ ಅಕ್ಕಾರ.’

ನನ್ನನ್ನು ಕ್ಷಮಿಸಿದನೋ ಇಲ್ಲವೋ ತಿಳಿಯಲಿಲ್ಲ. ಎದ್ದು ಎತ್ತು ಹೊಡೆದುಕೊಂಡು ಹೋದ.

ನೀವು ನಾಲ್ಕು ತಿಂಗಳು ಸುಮ್ಮನಿದ್ದದ್ದನ್ನು ನಾನು ಇನ್ನೂ ಪೂರಾ ಬಿಟ್ಟಿಲ್ಲ. ಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಆ ಗಿಡದ ಕೆಳಗೆ ಕುಳಿತಾಗ ನಿಮ್ಮ ನೆನಪಾಯಿತು.

ಈ ಕೆಲಸ ಒಬ್ಬರಿಂದ ಆಗುವುದಿಲ್ಲ. ಕನ್ನಡಿ ಹಿಡಿದು ಓದುವವರು ಒಬ್ಬರು ಬೇಕು, ಬರೆಯುವವರು ಒಬ್ಬರು ಬೇಕು. ಈ ಚಳಿ ಇನ್ನು ಒಂದು ತಿಂಗಳು ಇದ್ದೀತು. ಬಿಸಿಲು ಬಲಿತರೆ ವಾರ್ನಿಶು ಮತ್ತೆ ಮೆತ್ತಗಾಗುತ್ತದೆ. ಶಾಲೆಗೆ ರಜೆ ಬರೆದುಕೊಟ್ಟು, ನಿಮ್ಮಲ್ಲಿರುವ ಮೂರು ಕಟ್ಟುಗಳನ್ನೂ ತೆಗೆದುಕೊಂಡು, ಹತ್ತು ದಸ್ತು ಒಳ್ಳೆಯ ಕಾಗದ ತೆಗೆದುಕೊಂಡು ಬರ್ರಿ. ನಾನು ಓದುತ್ತೇನೆ. ನೀವು ಬರೆಯಿರಿ. ತಿಳಿಯದ ಕಡೆ ಊಹೆ ಮಾಡಿ ತುಂಬಬೇಡಿರಿ, ಜಾಗ ಬಿಡಿರಿ.

ಚನ್ನವ್ವ